ಎಲೆ ಬಿಟ್ಟ ಮೇಲಿನ ಆಟ

ಪೋಕರ್ ಮುಖದ ಆಟ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಹುಬ್ಬು ಅಲುಗಿಸದೆ, ತುಟಿ ಕಚ್ಚದೆ, ಮಿಸುಕದೆ ಕೂತವನೇ ಗೆಲ್ಲುತ್ತಾನೆ ಎಂದು ಸಿನಿಮಾಗಳು ನಮಗೆ ಹೇಳಿಕೊಟ್ಟಿವೆ. 2013ರಲ್ಲಿ ಮೈಕೆಲ್ ಸ್ಲೆಪಿಯನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವನ ಸಂಗಡಿಗರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. 2009ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ವಿಡಿಯೊದಿಂದ ಆಟಗಾರರು ಪಣ ಕಟ್ಟುವ ಗಳಿಗೆಗಳನ್ನಷ್ಟೇ ಕತ್ತರಿಸಿ ತೆಗೆದರು. ಕೆಲವು ತುಣುಕುಗಳಲ್ಲಿ ಮುಖ ಮಾತ್ರ ಕಾಣುತ್ತಿತ್ತು, ಕೆಲವುಗಳಲ್ಲಿ ತೋಳು ಮಾತ್ರ. ನೋಡಿದ ವಿದ್ಯಾರ್ಥಿಗಳು ಆಟಗಾರನ ಕೈಯಲ್ಲಿ ಒಳ್ಳೆಯ ಎಲೆ ಇದೆಯೋ ಇಲ್ಲವೋ ಊಹಿಸಬೇಕಿತ್ತು. ಮುಖ ನೋಡಿದವರ ಊಹೆ ನೆಚ್ಚುವಂತಿರಲಿಲ್ಲ. ತೋಳು ನೋಡಿದವರ ಊಹೆ ಮಾತ್ರ ಆಕಸ್ಮಿಕಕ್ಕಿಂತ ಹೆಚ್ಚು ಸಲ ನಿಜವಾಯಿತು. ಬಿಲ್ಲೆಗಳನ್ನು ಮುಂದಕ್ಕೆ ತಳ್ಳುವ ತೋಳು ಎಷ್ಟು ಸಲೀಸಾಗಿ ಚಲಿಸುತ್ತಿತ್ತೋ, ಎಲೆ ಅಷ್ಟು ಚೆನ್ನಾಗಿರುವ ಸಂಭವವಿತ್ತು.

ಅದಕ್ಕೂ ಬಹಳ ಮೊದಲು, 1984ರಲ್ಲಿ, ಮೈಕ್ ಕಾರೊ ಎಂಬ ಆಟಗಾರ ಆಡುವವರ ಹಾವಭಾವಗಳ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ಪಣ ಕಟ್ಟುವಾಗ ಒಬ್ಬನ ಕೈ ಇದ್ದಕ್ಕಿದ್ದಂತೆ ನಡುಗಿದರೆ ಅವನು ಸುಳ್ಳಾಡುತ್ತಿದ್ದಾನೆ ಎಂದುಕೊಳ್ಳಬೇಡಿ, ಬಹುಪಾಲು ಅದು ಭಾರಿ ಎಲೆಯ ಲಕ್ಷಣ ಎಂದು ಅದರಲ್ಲಿ ಎಚ್ಚರಿಸಿದ್ದ. ಕಾಯುತ್ತಾ ಕೂತವನ ಒಳಗಿನ ಬಿಗಿ ಒಮ್ಮೆಲೇ ಸಡಿಲಿದಾಗ ಬರುವ ನಡುಕ ಅದು. ಸಲೀಸಾದ ತೋಳು, ನಡುಗುವ ಕೈ, ಎರಡೂ ಒಂದಕ್ಕೊಂದು ಎದುರಾದ ಸಾಕ್ಷಿಗಳಂತೆ ಕಾಣುತ್ತವೆ. ಆದರೆ ಮುಖವನ್ನು ಎಷ್ಟು ಪಳಗಿಸಿದರೂ ದೇಹದ ಉಳಿದ ಭಾಗ ಒಳಗಿನದನ್ನು ಹೊರಗೆ ಹಾಕಿಯೇ ತೀರುತ್ತದೆ ಎನ್ನುವಲ್ಲಿ ಎರಡಕ್ಕೂ ಒಮ್ಮತವಿದೆ. ಹಾಗಿದ್ದರೆ ಈ ಆಟದಲ್ಲಿ ನೆಮ್ಮದಿಯನ್ನು ನಟಿಸಿ ಪ್ರಯೋಜನವಿಲ್ಲ. ನೆಮ್ಮದಿ ನಿಜವಾಗಿಯೂ ಇರಬೇಕು. ಅದು ಎಲ್ಲಿಂದ ಬರುತ್ತದೆ ಎಂಬುದೇ ಹಲವು ವರ್ಷಗಳಿಂದ ನನ್ನನ್ನು ಹಿಡಿದಿಟ್ಟಿರುವ ಪ್ರಶ್ನೆ.

ಒಂದಿಷ್ಟು ಪಾಲು ಲೆಕ್ಕದಿಂದ ಬರುತ್ತದೆ. ಇಂದು ಜಗತ್ತಿನಲ್ಲಿ ಹೆಚ್ಚಾಗಿ ಆಡುವುದು ಟೆಕ್ಸಸ್ ಹೋಲ್ಡೆಮ್ ಎಂಬ ಬಗೆಯನ್ನು. ಒಬ್ಬೊಬ್ಬರಿಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಅತ್ಯುತ್ತಮ ಐದು ಯಾರದೋ ಅವರು ಗೆದ್ದಂತೆ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಒಪ್ಪಬಹುದು ಅಥವಾ ಎಲೆ ಬಿಟ್ಟು ಹೊರಗೆ ಕೂರಬಹುದು. 52 ಎಲೆಗಳಲ್ಲಿ ಎರಡೆರಡರ ಜೋಡಣೆಗಳು ಒಟ್ಟು 1,326. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಜೋಡಿ ಎಕ್ಕ ಸರಾಸರಿ 221 ಕೈಗೆ ಒಮ್ಮೆ ಬರುತ್ತದೆ. ಎದುರುಬದುರು ಕೂತು ಆಡಿದರೆ ಗಂಟೆಗೆ ಇಪ್ಪತ್ತೈದು ಮೂವತ್ತು ಕೈ ಸಾಗುತ್ತದೆ. ಅಂದರೆ ಏಳೆಂಟು ಗಂಟೆ ಕಾದರೆ ಒಂದು ಸಲ ಎರಡು ಎಕ್ಕ ಕಣ್ಣಿಗೆ ಬೀಳುತ್ತವೆ. ಆಗ ಎದುರಿನವನ ಬಳಿ ಜೋಡಿ ರಾಜ ಇದೆ, ಇಬ್ಬರೂ ಇದ್ದಬದ್ದ ಬಿಲ್ಲೆಯನ್ನೆಲ್ಲ ನಡುವೆ ಸುರಿದರು ಎನ್ನಿ. ಎಕ್ಕದವನು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ ಹದಿನೆಂಟು ಸಲ ಅವನು ತಪ್ಪು ಮಾಡದೆಯೇ ಎದ್ದುಹೋಗುತ್ತಾನೆ.

ಎಂಟು ಗಂಟೆ ಕಾದದ್ದು ಎಂಟು ನಿಮಿಷದಲ್ಲಿ ಕೈಬಿಟ್ಟಾಗ ಎದೆಯಲ್ಲಿ ಏಳುವ ಉರಿ ನನಗೆ ಗೊತ್ತು. ಆ ಹದಿನೆಂಟನ್ನು ಬಿಲ್ಲೆ ತಳ್ಳುವ ಮೊದಲೇ ಮನಸ್ಸಿಗೆ ಹೇಳಿಟ್ಟುಕೊಂಡರೆ ಉರಿ ಅರ್ಧಕ್ಕೆ ಇಳಿಯುತ್ತದೆ ಎಂಬುದೂ ಗೊತ್ತು. ಸೋತ ಮೇಲೆ ಹೇಳಿಕೊಂಡರೆ ಅದು ಸಮಾಧಾನವಷ್ಟೇ, ಆಗ ಅದಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. ಮೊದಲೇ ಒಪ್ಪಿಕೊಂಡ ಸೋಲು ಮಾತ್ರ ಮುಂದಿನ ಕೈಗೆ ಹರಿದುಬರುವುದಿಲ್ಲ.

ಆದರೆ ಲೆಕ್ಕ ಬಲ್ಲವರೆಲ್ಲ ಶಾಂತರಾಗಿರುತ್ತಾರೆ ಎಂದೇನಿಲ್ಲ. ನೆಮ್ಮದಿಯ ದೊಡ್ಡ ಪಾಲು ಬೇರೆ ಕಡೆಯಿಂದ ಬರುತ್ತದೆ ಎಂಬುದನ್ನು ನಾನು ಕಲಿತದ್ದು ಮೈಸೂರಿನಲ್ಲಿ, ಗಣಿತದ ಮೇಷ್ಟ್ರೊಬ್ಬರ ಮನೆಯಲ್ಲಿ. ನಿವೃತ್ತರಾದ ಮೇಲೆ ಅವರು ಶನಿವಾರ ಸಂಜೆ ತಮ್ಮ ಊಟದ ಮೇಜನ್ನು ಪೋಕರ್‌ಗೆ ಬಿಟ್ಟುಕೊಟ್ಟಿದ್ದಾರೆ. ಹಣದ ಮಾತಿಲ್ಲ. ಎಲ್ಲರಿಗೂ ಒಂದೇ ಸಮ ಬಿಲ್ಲೆ ಹಂಚಿ ಶುರುಮಾಡುತ್ತೇವೆ. ಬಿಲ್ಲೆ ಮುಗಿದವರು ಉಳಿದವರಿಗೆ ಎಲೆ ಕಲಸಿ ಹಂಚುವ ಕೆಲಸಕ್ಕೆ ಕೂರಬೇಕು. ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದು ನಿವೃತ್ತರಾದ ಸಿಸ್ಟರ್ ಒಬ್ಬರಿದ್ದಾರೆ, ಸಾರಿಗೆ ಸಂಸ್ಥೆಯ ಒಬ್ಬ ನಿವೃತ್ತ ಚಾಲಕರು, ಸಾಫ್ಟ್‌ವೇರ್ ಕಂಪನಿಯ ಹುಡುಗ ಒಬ್ಬ, ಮೇಷ್ಟ್ರ ಮನೆಯವರು, ಮತ್ತೆ ನಾವು ಒಂದಿಬ್ಬರು.

ಹುಡುಗ ಬಂದ ಹೊಸದರಲ್ಲಿ ಎಲೆ ಬಿಟ್ಟ ಕೂಡಲೇ ಜೇಬಿನಿಂದ ಫೋನ್ ತೆಗೆಯುತ್ತಿದ್ದ. ಮೇಷ್ಟ್ರು ತಡೆದರು. “ಯಾಕಪ್ಪಾ, ಈಗ ತಾನೇ ನಿನಗೆ ನೋಡೋದಕ್ಕೆ ಪುರಸೊತ್ತು ಸಿಕ್ಕಿದೆ. ಎಲೆ ಕೈಯಲ್ಲಿದ್ದಾಗ ಎಲೆ ನೋಡ್ತೀಯ. ಬಿಟ್ಟ ಮೇಲಾದರೂ ನಮ್ಮನ್ನ ನೋಡು.”

ಆ ಮಾತಿನ ಬೆಲೆ ತಿಳಿಯಬೇಕಾದರೆ ಇನ್ನೊಂದು ಲೆಕ್ಕ ನೋಡಬೇಕು. ಎಂಟೊಂಬತ್ತು ಜನ ಕೂತ ಮೇಜಿನಲ್ಲಿ ಎಚ್ಚರದ ಆಟಗಾರ ನೂರಕ್ಕೆ ಎಪ್ಪತ್ತೈದು ಎಂಬತ್ತು ಕೈಗಳನ್ನು ಮೊದಲ ಹಂತದಲ್ಲೇ ಬಿಟ್ಟುಬಿಡುತ್ತಾನೆ. ಪೋಕರ್ ಆಡುವುದೆಂದರೆ ಬಹುಪಾಲು ಹೊತ್ತು ಆಡದೆ ಕೂರುವುದು. ಲಾಸ್ ವೇಗಸ್‌ನಲ್ಲಿ 1970ರಲ್ಲಿ ಬೆನ್ನಿ ಬಿನಿಯನ್‌ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಬೆರಳೆಣಿಕೆಯ ಜನರೊಂದಿಗೆ ಶುರುವಾದ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯಕ್ಕೆ 2024ರಲ್ಲಿ 10,112 ಜನ ತಲಾ ಹತ್ತು ಸಾವಿರ ಡಾಲರ್ ಕಟ್ಟಿ ಕೂತಿದ್ದರು. ಅಲ್ಲಿ ಎರಡೆರಡು ಗಂಟೆಯ ಸುತ್ತುಗಳು, ನಡುವೆ ಸಣ್ಣ ವಿರಾಮ. ದಿನಕ್ಕೆ ಹತ್ತು ಗಂಟೆಯ ಆಸುಪಾಸು ಆಟ, ಅದೂ ದಿನದ ಮೇಲೆ ದಿನ. ಹತ್ತು ಗಂಟೆಯಲ್ಲಿ ಎಂಟು ಗಂಟೆ ಎಲೆ ಇಲ್ಲದೆ ಕೂರುವವನು ಆ ಹೊತ್ತನ್ನು ಏನು ಮಾಡುತ್ತಾನೆ ಎಂಬುದರ ಮೇಲೆಯೇ ಉಳಿದ ಎರಡು ಗಂಟೆ ನಿಂತಿರುತ್ತದೆ.

ಅವನು ಬೇಸರಪಟ್ಟರೆ ಬೇಸರ ಕಳೆಯಲು ಕೆಟ್ಟ ಎಲೆಯನ್ನೂ ಆಡುತ್ತಾನೆ. ಹಿಂದೆ ಸೋತದ್ದನ್ನು ಮೆಲುಕು ಹಾಕಿದರೆ ಅದೇ ಸಿಟ್ಟಿನಲ್ಲಿ ಮುಂದಿನ ಪಣ ಕಟ್ಟುತ್ತಾನೆ. ಬೇರೆಯವರನ್ನು ನೋಡತೊಡಗಿದರೆ ಮಾತ್ರ ವಿಚಿತ್ರವಾದದ್ದೊಂದು ನಡೆಯುತ್ತದೆ. ಚಾಲಕರು ಒಳ್ಳೆಯ ಎಲೆ ಬಂದಾಗ ನೇರ ಕೂರುತ್ತಾರೆ. ಮೇಷ್ಟ್ರ ಮನೆಯವರು ಸುಳ್ಳು ಪಣ ಕಟ್ಟುವಾಗ ಬಿಲ್ಲೆಗಳನ್ನು ಎರಡು ಸಲ ಎಣಿಸುತ್ತಾರೆ. ಹುಡುಗ ಮೂರು ಎಲೆ ಬಿಚ್ಚಿದ ಕೂಡಲೇ ತನ್ನ ಎಲೆ ಎತ್ತಿ ಮತ್ತೊಮ್ಮೆ ನೋಡಿದರೆ, ಬಿಚ್ಚಿದ್ದು ಮೂರೂ ಒಂದೇ ಬಣ್ಣದ್ದಾಗಿದ್ದರೆ, ಅವನ ಕೈಯಲ್ಲಿ ಆ ಬಣ್ಣದ ಎರಡೆಲೆ ಇಲ್ಲ. ಇದ್ದಿದ್ದರೆ ನೆನಪಿರುತ್ತಿತ್ತು. ಇಂಥದ್ದನ್ನು ಗುರುತಿಸುತ್ತಾ ಕೂತ ಹೊತ್ತಿನಲ್ಲಿ ನನ್ನ ಬಿಲ್ಲೆ ಎಷ್ಟು ಉಳಿದಿದೆ, ನಾನು ಗೆಲ್ಲುತ್ತೇನೋ ಇಲ್ಲವೋ ಎಂಬ ಯೋಚನೆ ತಾನಾಗಿ ಹಿಂದೆ ಸರಿದಿರುತ್ತದೆ. ಗಮನ ಬೇರೆ, ನಿರಾಳ ಬೇರೆ ಎಂದು ಮೊದಲು ನಾನು ಎಣಿಸಿದ್ದೆ. ಗಮನವಿಡಬೇಕಾದರೆ ಬಿಗಿಯಾಗಬೇಕು, ನಿರಾಳವಾಗಬೇಕಾದರೆ ಗಮನ ಸಡಿಲಬಿಡಬೇಕು ಎಂಬ ಎಣಿಕೆ. ಆ ಮೇಜಿನಲ್ಲಿ ಕೂತ ಮೇಲೆ ಅವೆರಡೂ ಒಂದೇ ಕೆಲಸದ ಫಲ ಎಂದು ಕಂಡಿತು. ಕಣ್ಣು ನನ್ನ ಮೇಲಿಂದ ಎದುರಿನವರ ಮೇಲೆ ಹೋದಷ್ಟೂ ಎದೆಬಡಿತ ತಗ್ಗುತ್ತದೆ.

ಮರಿಯಾ ಕೊನಿಕೊವಾ ಎಂಬ ಲೇಖಕಿಯ ಕಥೆ ನನಗೆ ಇಲ್ಲಿ ನೆನಪಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದಾಕೆ. ಎಲೆಯ ಆಟದ ಗಂಧಗಾಳಿಯಿಲ್ಲದೆ ಪೋಕರ್ ಕಲಿಯಲು ಎರಿಕ್ ಸೈಡೆಲ್ ಎಂಬ ಹಿರಿಯ ಆಟಗಾರನ ಬಳಿ ಹೋದಳು. 2018ರಲ್ಲಿ ಬಹಾಮಾಸ್‌ನಲ್ಲಿ ಒಂದು ಪಂದ್ಯ ಗೆದ್ದು 84,600 ಡಾಲರ್ ಪಡೆದಳು. 2020ರಲ್ಲಿ ಆ ಕಲಿಕೆಯ ಮೇಲೆ ಪುಸ್ತಕ ಬರೆದಳು. ಸೈಡೆಲ್ ಅವಳಿಗೆ ಮೇಲಿಂದ ಮೇಲೆ ಹೇಳಿದ್ದು ಗಮನವಿಟ್ಟು ನೋಡು ಎಂದೇ. ಎಂಥ ಎಲೆ ಇಟ್ಟುಕೊಂಡು ಹೇಗೆ ಸೋತೆ ಎಂಬ ಗೋಳನ್ನು ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಗಳಿಗೆಯಲ್ಲಿ ಏನು ಯೋಚಿಸಿದೆ ಎಂದು ಮಾತ್ರ ಕೇಳುತ್ತಿದ್ದ. ಹಾಗೆ ಕೇಳುವ ಹಕ್ಕು ಅವನಿಗಿತ್ತು. 1988ರ ವರ್ಲ್ಡ್ ಸೀರೀಸ್‌ನ ಕೊನೆಯ ಕೈಯಲ್ಲಿ ಅವನು ಜಾನಿ ಚಾನ್ ಎದುರು ಸೋತ. ಚಾನ್ ಕೈಯಲ್ಲಿ ಸಾಲು ಎಲೆ ಕೂಡಿತ್ತು, ಏನೂ ಇಲ್ಲದವನಂತೆ ಸುಮ್ಮನೆ ಕೂತು ಸೈಡೆಲ್‌ನನ್ನು ಒಳಕ್ಕೆ ಎಳೆದುಕೊಂಡ. 1998ರ ‘ರೌಂಡರ್ಸ್’ ಸಿನಿಮಾ ಆ ಕೈಯನ್ನು ಹಾಗೆಯೇ ತೆರೆಗೆ ತಂದಿತು. ತಾನು ಸೋತ ಗಳಿಗೆಯನ್ನು ಜಗತ್ತು ಮತ್ತೆ ಮತ್ತೆ ನೋಡುತ್ತಿರುವಾಗ ಈ ಮನುಷ್ಯ ಆಡುತ್ತಲೇ ಹೋದ. ಇಂದು ಅವನ ಬಳಿ ವರ್ಲ್ಡ್ ಸೀರೀಸ್‌ನಲ್ಲಿ ಗೆದ್ದವರಿಗೆ ಕೊಡುವ ಹತ್ತು ಕಂಕಣಗಳಿವೆ. ಪೋಕರ್ ಲೋಕದಲ್ಲಿ ನಾನು ಮನಸಾರೆ ಮೆಚ್ಚುವ ವ್ಯಕ್ತಿ ಇವನು.

ನಮ್ಮ ಮೇಜಿಗೆ ಮರಳಿದರೆ, ಅಲ್ಲಿ ಎಲ್ಲರಿಗಿಂತ ಸಮಚಿತ್ತದವರು ಸಿಸ್ಟರ್. ಒಂದು ಶನಿವಾರ ಮೇಷ್ಟ್ರು ಕೇಳಿಯೇಬಿಟ್ಟರು, “ನಿಮಗೆ ಗಾಬರಿನೇ ಆಗಲ್ವಾ ಸಿಸ್ಟರ್?” ಅವರು ಹೇಳಿದರು: “ಆಗುತ್ತೆ ಮೇಷ್ಟ್ರೇ, ಯಾಕಾಗಲ್ಲ? ಡ್ಯೂಟೀಲೂ ಆಗ್ತಿತ್ತು. ಗಾಬರಿ ಆದಾಗ ಮೊದಲು ಉಸಿರು ಪೂರ್ತಿ ಬಿಡ್ತೀನಿ, ಆಮೇಲೆ ಕೈ ಹಾಕ್ತೀನಿ.” ಅದರಲ್ಲಿ ದೇಹಶಾಸ್ತ್ರದ ನಿಜವಿದೆ. ಉಸಿರು ಒಳಗೆಳೆದಾಗ ಎದೆಬಡಿತ ತುಸು ಏರುತ್ತದೆ, ಹೊರಬಿಟ್ಟಾಗ ತುಸು ಇಳಿಯುತ್ತದೆ. ನಿಧಾನವಾಗಿ, ಉದ್ದಕ್ಕೆ ಬಿಟ್ಟಷ್ಟೂ ಇಳಿಕೆಗೆ ಎಡೆ ಸಿಗುತ್ತದೆ. ಅವರು ಎಲೆ ಬಿಡುವಾಗಲೂ ಎಲ್ಲ ಬಿಲ್ಲೆ ತಳ್ಳುವಾಗಲೂ ಅದೇ ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ. ಅದರಿಂದ ಅವರ ತೋಳನ್ನು ನೋಡಿ ನಮಗೆ ಏನೂ ತಿಳಿಯುವುದಿಲ್ಲ.

ಇಷ್ಟೆಲ್ಲ ಇದ್ದರೂ ಒಮ್ಮೊಮ್ಮೆ ಮನಸ್ಸು ಹಿಡಿತ ತಪ್ಪುತ್ತದೆ. ಪೋಕರ್ ಆಡುವವರು ಅದನ್ನು ‘ಟಿಲ್ಟ್’ ಎನ್ನುತ್ತಾರೆ. ಕಳೆದುಕೊಂಡದ್ದನ್ನು ಈಗಲೇ, ಈ ಕೈಯಲ್ಲೇ, ಇವನಿಂದಲೇ ವಾಪಸು ಪಡೆಯಬೇಕು ಎಂಬ ಹಟ ಅದು. ನಮಗೆ ಇದನ್ನು ಯಾರೂ ಹೊರಗಿನಿಂದ ಬಂದು ವಿವರಿಸಬೇಕಾಗಿಲ್ಲ. ಹಸ್ತಿನಾಪುರದ ಸಭೆಯಲ್ಲಿ ಧರ್ಮರಾಯ ಮಾಡಿದ್ದೇ ಅದು. ಆದರೆ ಇದರ ಒಳಗನ್ನು ನನಗೆ ಹೆಚ್ಚು ಸ್ಪಷ್ಟವಾಗಿ ತೋರಿಸುವುದು ನಳನ ಕಥೆ, ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ಕೊಟ್ಟ ಕಥೆ. ವ್ಯಾಸಭಾರತದ ವನಪರ್ವದಲ್ಲಿ ಬರುವಂತೆ, ಕಲಿ ನಳನ ಒಳಹೊಗಲು ಒಂದು ಸಂದು ಸಿಕ್ಕೀತೇ ಎಂದು ಹನ್ನೆರಡು ವರ್ಷ ಕಾಯುತ್ತಾನೆ. ಒಂದು ದಿನ ನಳ ಕಾಲು ತೊಳೆಯದೆ ಸಂಧ್ಯೆಗೆ ಕೂರುತ್ತಾನೆ. ಅಷ್ಟೇ ಸಾಕಾಗುತ್ತದೆ. ದೊಡ್ಡ ಪಾಪವಲ್ಲ, ಸಣ್ಣ ಮೈಮರೆವು. ಆಮೇಲೆ ತಮ್ಮ ಪುಷ್ಕರನೊಂದಿಗೆ ಜೂಜಿಗೆ ಕೂತು ರಾಜ್ಯ ಕಳೆದುಕೊಳ್ಳುವವರೆಗೆ ಯಾರು ತಡೆದರೂ ಅವನಿಗೆ ಕೇಳಿಸುವುದಿಲ್ಲ.

ಕಲಿ ಬಿಟ್ಟುಹೋಗುವ ಪ್ರಸಂಗ ಇನ್ನೂ ಸೊಗಸು. ನಳ ಬಾಹುಕನೆಂಬ ಹೆಸರಿನಲ್ಲಿ ರಾಜ ಋತುಪರ್ಣನ ಸಾರಥಿಯಾಗಿದ್ದಾನೆ. ದಾರಿಯಲ್ಲಿ ಒಂದು ತಾರೆ ಮರ ಸಿಗುತ್ತದೆ. ಹಿಂದಿನವರು ಜೂಜಿಗೆ ಬಳಸುತ್ತಿದ್ದದ್ದು ಅದರ ಕಾಯಿಯನ್ನೇ. ಮರದಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಎಂದು ಋತುಪರ್ಣ ನೋಡಿದೊಡನೆ ಹೇಳುತ್ತಾನೆ. ನಳ ನಂಬದೆ ರಥ ನಿಲ್ಲಿಸಿ ಮರ ಕಡಿದು ಎಣಿಸುತ್ತಾನೆ. ಲೆಕ್ಕ ತಾಳೆಯಾಗುತ್ತದೆ. ನಳ ಕುದುರೆಯ ವಿದ್ಯೆ ಕೊಡುತ್ತೇನೆಂದು ಮಾತುಕೊಟ್ಟು ಅಕ್ಷಹೃದಯವನ್ನು, ದಾಳದ ಒಳಗುಟ್ಟನ್ನು, ಪಡೆಯುತ್ತಾನೆ. ಅದು ಕೈಗೂಡಿದ ಗಳಿಗೆಯಲ್ಲೇ ಕಲಿ ಅವನ ಮೈಯಿಂದ ಹೊರಬಂದು ಆ ಮರವನ್ನು ಹೊಗುತ್ತಾನೆ. ಲೆಕ್ಕ ತಿಳಿಯುವುದೂ ಆವೇಶ ಇಳಿಯುವುದೂ ಒಂದೇ ಗಳಿಗೆಯ ಘಟನೆಗಳೆಂದು ಇಟ್ಟ ಕವಿಗೆ ಜೂಜುಗಾರನ ಎದೆ ಚೆನ್ನಾಗಿ ಗೊತ್ತಿತ್ತು.

ಲೆಕ್ಕ ಬಲ್ಲವನ ಮೈಯನ್ನೂ ಕಲಿ ಮತ್ತೆ ಹೊಗಬಹುದು ಎನ್ನುವುದಕ್ಕೆ ನಮ್ಮ ಕಾಲದ ಉದಾಹರಣೆಗಳಿವೆ. ಆಗ ಮಾಡಬೇಕಾದದ್ದು ಏನು ಎಂದು ಫಿಲ್ ಗಾಲ್ಫಂಡ್ ಎಂಬ ಪೋಕರ್ ಆಟಗಾರ ತೋರಿಸಿದ. 2020ರ ಜನವರಿಯಲ್ಲಿ ಅವನು ಒಬ್ಬ ಎದುರಾಳಿಯೊಂದಿಗೆ 25,000 ಕೈಗಳ ಆಟಕ್ಕೆ ಇಳಿದ. ದಿನದಿಂದ ದಿನಕ್ಕೆ ಸೋಲುತ್ತಾ ಒಂಬತ್ತು ಲಕ್ಷ ಯೂರೋದಷ್ಟು ಹಿಂದೆ ಬಿದ್ದ. ಆಗ ಆಟ ನಿಲ್ಲಿಸಿದ. ಕೆಲವು ವಾರ ಮೇಜಿನ ಹತ್ತಿರ ಬರಲಿಲ್ಲ. ಮರಳಿ ಬಂದು ಏಪ್ರಿಲ್‌ನಲ್ಲಿ ಎರಡು ಸಾವಿರ ಯೂರೋಗೂ ಕಡಿಮೆ ಅಂತರದಲ್ಲಿ ಗೆದ್ದ. ಆ ಗೆಲುವಿಗಿಂತ ಎದ್ದುಹೋದ ದಿನವೇ ನನಗೆ ದೊಡ್ಡದಾಗಿ ಕಾಣುತ್ತದೆ. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಇಪ್ಪತ್ತು ದಿನಗಳಲ್ಲಿ 1,20,000 ಕೈ ಆಡಿ ನಾಲ್ವರು ಪರಿಣತರನ್ನು ಮಣಿಸಿತು. ಅದಕ್ಕೆ ಏಳಬೇಕಾದ ಅಗತ್ಯವೇ ಬರಲಿಲ್ಲ. ಒಳಹೊಗಲು ಅಲ್ಲಿ ಕಲಿಗೆ ಮೈಯೇ ಇರಲಿಲ್ಲ. ಮನುಷ್ಯರಾದ ನಾವು ಏಳುವುದನ್ನು ಕಲಿಯಬೇಕು. ಮೇಷ್ಟ್ರ ಮನೆಯಲ್ಲಿ ಯಾರದಾದರೂ ದನಿ ಏರಿದರೆ ಆ ಕೈ ಮುಗಿದ ಕೂಡಲೇ ಆಟ ನಿಲ್ಲುತ್ತದೆ, ಉಪ್ಪಿಟ್ಟು ಕಾಫಿ ಬರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ.

ಹಣವಿಲ್ಲದ ಪೋಕರ್ ಪೋಕರೇ ಅಲ್ಲ ಎನ್ನುವವರಿದ್ದಾರೆ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದಿದ್ದರೆ ಯಾರು ಗಮನವಿಟ್ಟು ಆಡುತ್ತಾರೆ ಎಂಬುದು ಅವರ ವಾದ. ಮೂರು ತಾಸು ಕೂತು ಕೂಡಿಸಿದ ಬಿಲ್ಲೆ ಒಂದು ಕೈಯಲ್ಲಿ ಹೋಗಿ, ಉಳಿದವರಿಗೆ ಎಲೆ ಹಂಚಲು ಕೂತವರ ಮುಖವನ್ನು ಅವರು ನೋಡಿಲ್ಲ. ಸೋಲು ನಾಟುವುದಕ್ಕೆ ಅಷ್ಟು ಸಾಕು. ಮನೆಯ ಬಾಡಿಗೆ, ಮಕ್ಕಳ ಫೀಸು ಮೇಜಿನ ಮೇಲಿದ್ದರೆ ಯಾವ ಉಸಿರಾಟವೂ ಯಾವ ಲೆಕ್ಕವೂ ಮನುಷ್ಯನನ್ನು ಶಾಂತವಾಗಿಡಲಾರವು. ಇಡಲೂಬಾರದು. ಆ ಹೆದರಿಕೆ ನ್ಯಾಯವಾದದ್ದು, ಅದನ್ನು ಹತ್ತಿಕ್ಕುವ ಉಪಾಯ ಕಲಿಸುವುದು ಅನ್ಯಾಯ.

ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳ ಬಗ್ಗೆ ನನಗಿರುವ ಸಂಕಟವೂ ಇದೇ. ಅವುಗಳ ಮೇಲೆ 2021ರಲ್ಲಿ ಕರ್ನಾಟಕ ಕಾನೂನು ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಪೋಕರ್ ಜಾಣ್ಮೆಯ ಆಟವೋ ಅದೃಷ್ಟದ್ದೋ ಎಂಬ ವಾದ ಈ ಎಲ್ಲ ಕಾಲದಲ್ಲೂ ನಡೆದೇ ಇತ್ತು. ಜಾಣ್ಮೆಯದೇ ಎಂದು ನಾನು ಒಪ್ಪುತ್ತೇನೆ. ಆದರೆ ಆ ಜಾಣ್ಮೆ ಬೆಳೆಯುವುದು ಎಲೆ ಬಿಟ್ಟು ಕೂತ ಹೊತ್ತಿನಲ್ಲಿ. ಫೋನಿನಲ್ಲಿ ಆ ಹೊತ್ತೇ ಇಲ್ಲ. ಎಲೆ ಬಿಟ್ಟ ಕೂಡಲೇ ಇನ್ನೊಂದು ಮೇಜು ತೆರೆದುಕೊಳ್ಳುತ್ತದೆ. ಎದುರಿಗೆ ತೋಳಿಲ್ಲ, ಉಸಿರಿಲ್ಲ, ದನಿ ಏರಿದರೆ ತಡೆಯುವ ಮೇಷ್ಟ್ರಿಲ್ಲ. ನಡುರಾತ್ರಿ ಹಾಸಿಗೆಯಲ್ಲಿ ಒಬ್ಬನೇ ಹುಡುಗ, ಅವನ ಬ್ಯಾಂಕ್ ಖಾತೆ, ಅಷ್ಟೇ. ಕಲಿ ಅಲ್ಲಿ ಹನ್ನೆರಡು ವರ್ಷ ಕಾಯಬೇಕಾಗಿಲ್ಲ.

ನಳನ ಕಥೆಯನ್ನು ಕಾಡಿನಲ್ಲಿ ಧರ್ಮರಾಯನಿಗೆ ಹೇಳಿದವನು ಬೃಹದಶ್ವ ಮುನಿ. ಕಥೆ ಮುಗಿಸಿ ಅವನು ಆ ಅಕ್ಷಹೃದಯವನ್ನು ಧರ್ಮರಾಯನಿಗೂ ಕಲಿಸಿ ಹೋಗುತ್ತಾನೆ. ಆಮೇಲೆ ಅಜ್ಞಾತವಾಸ. ಧರ್ಮರಾಯ ಕಂಕನೆಂಬ ಹೆಸರಿನಲ್ಲಿ ವಿರಾಟರಾಜನ ಜೊತೆ ದಾಳ ಆಡುವ ಆಳಾಗಿ ಸೇರುತ್ತಾನೆ. ಜೂಜಿನಿಂದಲೇ ಎಲ್ಲ ಕಳೆದುಕೊಂಡವನು ಬೇರೆ ಯಾವ ಕೆಲಸವನ್ನಾದರೂ ಆರಿಸಿಕೊಳ್ಳಬಹುದಿತ್ತು. ಅವನು ದಾಳದ ಎದುರಿಗೇ ಹೋಗಿ ಕೂತ. ಉತ್ತರನು ಕೌರವರನ್ನು ಗೆದ್ದನೆಂಬ ಸುದ್ದಿ ಬಂದ ದಿನ ಇಬ್ಬರೂ ಆಡುತ್ತಿದ್ದಾರೆ. ವಿರಾಟ ಮಗನನ್ನು ಹೊಗಳುತ್ತಾನೆ, ಕಂಕ ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವು ಬಂದೇ ಬರುತ್ತದೆ ಎನ್ನುತ್ತಾನೆ. ಮತ್ತೆ ಹೊಗಳಿಕೆ, ಮತ್ತೆ ಅದೇ ಉತ್ತರ. ರೇಗಿಹೋದ ರಾಜ ಕೈಯಲ್ಲಿದ್ದ ದಾಳವನ್ನು ಕಂಕನ ಮುಖಕ್ಕೆ ಎಸೆಯುತ್ತಾನೆ. ಮೂಗಿನಿಂದ ರಕ್ತ ಬರುತ್ತದೆ. ಕಂಕ ಅದು ನೆಲಕ್ಕೆ ಬೀಳದಂತೆ ಕೈಯಲ್ಲಿ ಹಿಡಿಯುತ್ತಾನೆ, ದ್ರೌಪದಿಯತ್ತ ನೋಡುತ್ತಾನೆ, ಅವಳು ಪಾತ್ರೆ ತಂದು ಹಿಡಿಯುತ್ತಾಳೆ. ಅಷ್ಟರಲ್ಲಿ ಉತ್ತರನೂ ಬೃಹನ್ನಳೆಯೂ ಬಾಗಿಲಿಗೆ ಬಂದಿದ್ದಾರೆಂದು ದ್ವಾರಪಾಲಕ ಹೇಳುತ್ತಾನೆ. ಬೃಹನ್ನಳೆಯ ವೇಷದಲ್ಲಿರುವವನು ಅರ್ಜುನ. ಯುದ್ಧದ ಹೊರಗೆ ಅಣ್ಣನ ರಕ್ತ ಹರಿಸಿದವನನ್ನು ಉಳಿಸುವುದಿಲ್ಲವೆಂಬುದು ಅರ್ಜುನನ ಪ್ರತಿಜ್ಞೆ. ರಕ್ತ ಇನ್ನೂ ನಿಂತಿಲ್ಲ. ಕಂಕ ದ್ವಾರಪಾಲಕನ ಕಿವಿಯಲ್ಲಿ, ಉತ್ತರನೊಬ್ಬನನ್ನೇ ಒಳಗೆ ಬಿಡು, ಬೃಹನ್ನಳೆಯನ್ನು ಈಗ ಬಿಡಬೇಡ ಎಂದು ಹೇಳಿ ಕಳಿಸುತ್ತಾನೆ.